ಇಟ್ಟಿಗೆ ಮಣ್ಣಿಗೆ ಭತ್ತದ ಹೊಟ್ಟು, ಬೂದಿ ಬೆರೆಸುವ ಕ್ರಮ: ಮಣ್ಣಿನ ಪರೀಕ್ಷೆಯಿಂದ ಗೂಡು ಬಿಚ್ಚುವವರೆಗೆ

ಹೊಟ್ಟು ಬೆರೆಸಿದ ಇಟ್ಟಿಗೆ ಕೆಡುವುದು ಹೆಚ್ಚಾಗಿ ಮೂರು ರೀತಿಯಲ್ಲಿ. ಒಣಗುವಾಗಲೇ ಮೂಲೆಗಳು ಉದುರುತ್ತವೆ. ಸುಟ್ಟ ಮೇಲೆ ಒಡೆದು ನೋಡಿದರೆ ನಡುವೆ ಕಪ್ಪು ತಿರುಳು ಕಾಣುತ್ತದೆ. ಇಲ್ಲವೇ ಹೊರಗೆ ಚೆನ್ನಾಗಿ ಕಂಡರೂ ಒಂದು ದಿನ ನೀರಿನಲ್ಲಿಟ್ಟರೆ ಮಿತಿಮೀರಿ ನೀರು ಕುಡಿಯುತ್ತದೆ. ಈ ಮೂರಕ್ಕೂ ಕಾರಣ ಮೂರು ಕಡೆ ಇದೆ: ಮಣ್ಣನ್ನು ಪರೀಕ್ಷಿಸದೆ ಬೆರಕೆ ಹಾಕಿದ್ದು, ತೂಕದ ಬದಲು ಪುಟ್ಟಿ ಲೆಕ್ಕದಲ್ಲಿ ಅಳೆದದ್ದು, ಗೂಡಿಗೆ ಅವಸರದಲ್ಲಿ ಬೆಂಕಿ ಏರಿಸಿದ್ದು.

ಗಂಗಾವತಿ, ಕಾರಟಗಿ, ಸಿಂಧನೂರು, ದಾವಣಗೆರೆ ಕಡೆಯ ಅಕ್ಕಿ ಗಿರಣಿಗಳ ಆಸುಪಾಸಿನಲ್ಲಿ ಸಿಗುವ ಹೊಟ್ಟು ಮತ್ತು ಬೂದಿಯನ್ನೇ ಇಲ್ಲಿ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಕೈಯಿಂದ ಅಚ್ಚು ಹಾಕಿ, ಹಳ್ಳಿ ಗೂಡಿನಲ್ಲಿ ಸುಡುವ ಇಟ್ಟಿಗೆಗೆ ಈ ಕ್ರಮ. ಸಿಮೆಂಟ್ ಇಟ್ಟಿಗೆಗೂ ಹಾರುಬೂದಿ ಇಟ್ಟಿಗೆಗೂ ಇದು ಹೊಂದುವುದಿಲ್ಲ.

## ಶುರು ಮಾಡುವ ಮುನ್ನ: ಹೊಟ್ಟು ಬೇರೆ, ಬೂದಿ ಬೇರೆ

ಹೊಟ್ಟಿಗೆ ಹೇಳಿದ ಪ್ರಮಾಣವನ್ನು ಬೂದಿಗೆ, ಬೂದಿಯದನ್ನು ಹೊಟ್ಟಿಗೆ ಹಾಕಿ ಇಡೀ ಗೂಡು ಕಳೆದುಕೊಂಡವರಿದ್ದಾರೆ. ಇವೆರಡೂ ಇಟ್ಟಿಗೆಯೊಳಗೆ ಮಾಡುವ ಕೆಲಸ ಬೇರೆ ಬೇರೆ.

ಹಸಿ ಹೊಟ್ಟು, ಅಂದರೆ ಉಮಿ, ಗೂಡಿನಲ್ಲಿ ಇಟ್ಟಿಗೆಯ ಒಳಗೇ ಉರಿಯುತ್ತದೆ. ಉರಿದ ಜಾಗದಲ್ಲಿ ಸಣ್ಣ ಪೊಳ್ಳು ಉಳಿಯುತ್ತದೆ. ಇಟ್ಟಿಗೆ ಹಗುರವಾಗುತ್ತದೆ, ಒಳಗಿನಿಂದಲೇ ಶಾಖ ಸಿಗುವುದರಿಂದ ಸೌದೆ ಉಳಿಯುತ್ತದೆ. ಬಲ ಕಡಿಮೆಯಾಗುತ್ತದೆ, ನೀರು ಕುಡಿಯುವುದು ಹೆಚ್ಚುತ್ತದೆ.

ಬೂದಿ ಆಗಲೇ ಉರಿದು ಮುಗಿದ ವಸ್ತು. ಹೊಟ್ಟು ಸುಟ್ಟರೆ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಇದು ಮಣ್ಣಿನಲ್ಲಿ ನಯವಾದ ಮರಳಿನಂತೆ ವರ್ತಿಸಿ, ಜಿಗುಟು ಮಣ್ಣು ಒಣಗುವಾಗ ಕುಗ್ಗಿ ಸೀಳುವುದನ್ನು ತಡೆಯುತ್ತದೆ. ಬೂದಿಯ ಮುಖ್ಯ ಲಾಭ ಇದೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಹೊಟ್ಟಿನ ಬೂದಿ ಕಾಂಕ್ರೀಟನ್ನು ಗಟ್ಟಿ ಮಾಡುತ್ತದೆ ಎಂದು ಓದಿದವರು ಇಟ್ಟಿಗೆಗೂ ಶೇ 15, 20 ಸುರಿಯುತ್ತಾರೆ. ಕಾಂಕ್ರೀಟಿನಲ್ಲಿ ಬೂದಿಯ ಸಿಲಿಕಾ ಸಿಮೆಂಟಿನಿಂದ ಬರುವ ಸುಣ್ಣದ ಜೊತೆ ಕೂಡಿ ಗಟ್ಟಿಯಾಗುತ್ತದೆ. ಸುಟ್ಟ ಇಟ್ಟಿಗೆಯಲ್ಲಿ ಆ ಕ್ರಿಯೆ ನಡೆಯುವುದಿಲ್ಲ. ಇಲ್ಲಿ ಕಣಗಳು ಬೆಸೆಯುವುದು ಜೇಡಿಯ ಅಂಶ ಬೆಂಕಿಯಲ್ಲಿ ಅರೆ ಕರಗಿದಾಗ. ಸಿಲಿಕಾ ಆ ಶಾಖಕ್ಕೆ ಜಗ್ಗುವುದಿಲ್ಲ. ಬೂದಿ ಹೆಚ್ಚಿದಷ್ಟೂ ಬೆಸುಗೆಗೆ ಸಿಗುವ ಜೇಡಿ ಕಡಿಮೆಯಾಗುತ್ತದೆ.

## ಬೇಕಾದ ಸಾಮಾನು

ಮೂಟೆ ತೂಗುವ ತಕ್ಕಡಿ ಒಂದು, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಒಂದು. ಇವೆರಡು ಇಲ್ಲದೆ ಕೆಲಸ ಶುರು ಮಾಡಬೇಡಿ. ಇವುಗಳ ಜೊತೆ 2 ಮಿ.ಮೀ. ಮತ್ತು 5 ಮಿ.ಮೀ. ಕಣ್ಣಿನ ಜರಡಿ, ಅಗಲ ಬಾಯಿಯ ಗಾಜಿನ ಭರಣಿ, ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ಕಬ್ಬಿಣದ ಬಾಂಡ್ಲಿ, ಟಾರ್ಪಾಲು, ಮಣ್ಣಿನ ಮುದ್ದೆ ಕೊಯ್ಯಲು ತಂತಿ.

ಬೂದಿ ಮುಟ್ಟುವ ಪ್ರತಿಯೊಬ್ಬರಿಗೂ ಎನ್95 ಮಾಸ್ಕ್ ಬೇಕೇ ಬೇಕು. ಹೆಚ್ಚು ಶಾಖದಲ್ಲಿ ಬಹಳ ಹೊತ್ತು ಉರಿದ ಹೊಟ್ಟಿನ ಬೂದಿಯಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಅದರ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಕೆಟ್ಟ ಶ್ವಾಸಕೋಶ ಮತ್ತೆ ಸರಿಹೋಗುವುದಿಲ್ಲ. ಟವೆಲ್ ಸುತ್ತಿಕೊಂಡರೆ ಆ ಧೂಳು ನಿಲ್ಲುವುದಿಲ್ಲ. ಕೆಲಸದವರಿಗೆ ಮಾಸ್ಕ್ ಕೊಡಿಸುವುದು ಗೂಡಿನ ಮಾಲೀಕರ ಹೊಣೆ.

ಇಟ್ಟಿಗೆ ಮಣ್ಣು ಕಾನೂನಿನಲ್ಲಿ ಉಪಖನಿಜ. ತೆಗೆಯುವ ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ, ಗೂಡು ಹಾಕುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ. ಫೆಬ್ರವರಿ 2022ರ ಕೇಂದ್ರದ ಅಧಿಸೂಚನೆ ಇಟ್ಟಿಗೆ ಗೂಡುಗಳ ಹೊಗೆಗೆ, ಜನವಸತಿಯಿಂದ ಇರಬೇಕಾದ ದೂರಕ್ಕೆ ಮಿತಿ ಹಾಕಿದೆ. ಟೈರ್, ಪ್ಲಾಸ್ಟಿಕ್ ಸುಡುವುದು ನಿಷಿದ್ಧ.

## ಹಂತ 1: ನಿಮ್ಮ ಮಣ್ಣಿಗೆ ಬೆರಕೆ ಬೇಕೇ ಎಂದು ನೋಡಿ

ಮೊದಲು ಭರಣಿ ಪರೀಕ್ಷೆ. ಒಣಗಿಸಿ ಪುಡಿ ಮಾಡಿದ ಮಣ್ಣನ್ನು ಭರಣಿಯ ಮೂರನೇ ಒಂದು ಭಾಗಕ್ಕೆ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ. ಒಂದು ದಿನ ಅಲುಗಿಸದೆ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ಗೋಡು, ಮೇಲುಗಡೆ ನಯವಾದ ಜೇಡಿ ಪದರವಾಗಿ ಕೂರುತ್ತವೆ. ಕೈ ಅಚ್ಚಿನ ಇಟ್ಟಿಗೆಗೆ ಭಾರತೀಯ ಮಾನಕ ಐಎಸ್ 2117 ಹೇಳುವ ಪ್ರಮಾಣ ತೂಕದಲ್ಲಿ ಜೇಡಿ ಶೇ 20ರಿಂದ 30, ಗೋಡು ಶೇ 20ರಿಂದ 35, ಮರಳು ಶೇ 35ರಿಂದ 50. ಭರಣಿಯಲ್ಲಿ ಕಾಣುವುದು ಅಂದಾಜು ಮಾತ್ರ. ಆದರೆ ಮಣ್ಣು ಯಾವ ಕಡೆ ವಾಲಿದೆ ಎಂದು ತಿಳಿಯಲು ಅಷ್ಟು ಸಾಕು.

ಎರಡನೆಯದು ಕುಗ್ಗುವಿಕೆಯ ಪರೀಕ್ಷೆ. ಇದನ್ನು ಬಿಡಲೇಬೇಡಿ. ಬೆರಕೆ ಹಾಕದ ಮಣ್ಣಿನಿಂದ ನಾಲ್ಕೈದು ಹಸಿ ಇಟ್ಟಿಗೆ ಮಾಡಿ, ಪ್ರತಿಯೊಂದರ ಮೈಮೇಲೆ ಸರಿಯಾಗಿ 100 ಮಿ.ಮೀ. ಅಂತರದಲ್ಲಿ ಮೊಳೆಯಿಂದ ಎರಡು ಚುಕ್ಕೆ ಚುಚ್ಚಿ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಮತ್ತೆ ಅಳೆಯಿರಿ. ಎಷ್ಟು ಮಿ.ಮೀ. ಕಡಿಮೆಯಾಗಿದೆಯೋ ಅಷ್ಟು ಶೇಕಡಾ ಮಣ್ಣು ಕುಗ್ಗಿದೆ ಎಂದರ್ಥ.

ಅಂತರ 8 ಮಿ.ಮೀ.ಗಿಂತ ಹೆಚ್ಚು ಕುಗ್ಗಿ, ಇಟ್ಟಿಗೆಯಲ್ಲಿ ಬಿರುಕೂ ಬಿದ್ದರೆ ಅದು ಜಿಗುಟು ಮಣ್ಣು. ಎರೆ ಮಣ್ಣು, ಕೆಲವು ಕೆರೆಗಳ ಹೂಳು ಹೀಗಿರುತ್ತವೆ. ಇವಕ್ಕೆ ಬೂದಿ ನಿಜವಾಗಿ ಉಪಕಾರಿ. ಆದರೂ ಎರೆ ಮಣ್ಣಿಗೆ ಬೂದಿಯೊಂದೇ ಸಾಲದು, ಮರಳನ್ನೋ ಕೆಮ್ಮಣ್ಣನ್ನೋ ಕೂಡ ಬೆರೆಸಬೇಕಾಗುತ್ತದೆ. 5ರಿಂದ 8 ಮಿ.ಮೀ. ಒಳಗಿದ್ದರೆ ಸ್ವಲ್ಪ ಬೆರಕೆ ತಡೆಯುತ್ತದೆ. 4 ಮಿ.ಮೀ.ಗೂ ಕಡಿಮೆ ಇದ್ದರೆ ಮಣ್ಣಿನಲ್ಲಿ ಮರಳೇ ಹೆಚ್ಚು. ಅದಕ್ಕೆ ಬೂದಿ ಹಾಕಿದರೆ ಅಂಟು ಇನ್ನಷ್ಟು ಹೋಗುತ್ತದೆ. ಅಂಥ ಕೆಮ್ಮಣ್ಣಿನಲ್ಲಿ ಬೂದಿ ಬಿಟ್ಟುಬಿಡಿ. ಹೊಟ್ಟನ್ನು ಗೂಡಿನ ಉರುವಲಾಗಿ ಬಳಸಿ, ಮಣ್ಣಿಗೆ ಸೇರಿಸಬೇಡಿ. ಬೂದಿ ಪುಕ್ಕಟೆ ಸಿಗುತ್ತದೆ ಎಂಬ ಕಾರಣಕ್ಕೆ ಹಾಕಿದರೆ ಆ ಲಾಭ ಗೂಡಿನ ಒಡಕಿನಲ್ಲಿ ಹೋಗುತ್ತದೆ.

ಮಣ್ಣಿನಲ್ಲಿ ಬಿಳಿ ಸುಣ್ಣದ ಹರಳುಗಳಿವೆಯೇ ಎಂದೂ ನೋಡಿ. ಹರಳಿನ ಮೇಲೆ ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ನೊರೆ ಬರುತ್ತದೆ. ಸುಟ್ಟ ಮೇಲೆ ಈ ಹರಳು ಸುಣ್ಣವಾಗಿ, ಮಳೆನೀರು ತಾಗಿದಾಗ ಅರಳಿ ಇಟ್ಟಿಗೆಯ ಮೈ ಸಿಡಿಸುತ್ತದೆ. ಇದಕ್ಕೂ ಬೆರಕೆಗೂ ಸಂಬಂಧವಿಲ್ಲ. ಆದರೆ ಗೊತ್ತಿಲ್ಲದವರು ದೂರುವುದು ಹೊಟ್ಟನ್ನೇ. ಹರಳಿರುವ ಮಣ್ಣನ್ನು ಜರಡಿ ಹಿಡಿಯಿರಿ, ಇಲ್ಲವೇ ಆ ಗುಂಡಿ ಬಿಡಿ.

## ಹಂತ 2: ತ್ಯಾಜ್ಯವನ್ನು ಪರೀಕ್ಷಿಸಿ ಆರಿಸಿ

ಹೊಟ್ಟು. ಗಿರಣಿಯಿಂದ ಬಂದಂತೆಯೇ ಹಾಕಬೇಡಿ. ಇಡೀ ಹೊಟ್ಟಿನ ಮೈ ನುಣುಪು, ಗಡಸು. ಮಣ್ಣು ಅದನ್ನು ಹಿಡಿಯುವುದಿಲ್ಲ. ಅಚ್ಚಿಗೆ ಒತ್ತಿದಾಗ ಹೊಟ್ಟುಗಳು ಒಂದೇ ದಿಕ್ಕಿಗೆ ಮಲಗಿ ಪದರ ಮಾಡುತ್ತವೆ, ಸುಟ್ಟ ಇಟ್ಟಿಗೆ ಆ ಪದರದಲ್ಲೇ ಸೀಳುತ್ತದೆ. ಹಿಟ್ಟಿನ ಗಿರಣಿಯಲ್ಲೋ ಮೇವು ಪುಡಿ ಮಾಡುವ ಯಂತ್ರದಲ್ಲೋ ಒಡೆಸಿ 2 ಮಿ.ಮೀ. ಜರಡಿ ಹಿಡಿಯಿರಿ. ಗೋಣಿ ಎಳೆ, ಪ್ಲಾಸ್ಟಿಕ್ ದಾರ ತೆಗೆಯಿರಿ.

ಬೂದಿ. ಅಕ್ಕಿ ಗಿರಣಿ ಬಾಯ್ಲರಿನ ಬೂದಿ ಎಲ್ಲ ಕಡೆ ಒಂದೇ ತೆರನಲ್ಲ. ಬೂದು ಬಿಳಿ ಬಣ್ಣದ್ದು ಪೂರ್ತಿ ಉರಿದದ್ದು. ಕರ್ರಗಿನದರಲ್ಲಿ ಇನ್ನೂ ಇದ್ದಿಲು ಉಳಿದಿದೆ. ಒಣಗಿಸಿದ 100 ಗ್ರಾಂ ಬೂದಿಯನ್ನು ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡದಂತೆ ಕಾಯಿಸಿ, ಕೈಯಾಡಿಸುತ್ತ, ಕಿಡಿ ನಿಲ್ಲುವವರೆಗೆ ಸುಟ್ಟು ಮತ್ತೆ ತೂಗಿ. 92 ಗ್ರಾಂ ಉಳಿದರೆ ಶೇ 8 ಇದ್ದಿಲಿತ್ತು. ಹತ್ತಕ್ಕಿಂತ ಹೆಚ್ಚಿದ್ದರೆ ಅದನ್ನು ಬೂದಿಯೆಂದು ಲೆಕ್ಕ ಹಾಕಬೇಡಿ. ಗೂಡಿನಲ್ಲಿ ಅದು ಉರುವಲಿನಂತೆ ನಡೆದುಕೊಳ್ಳುತ್ತದೆ, ಕಪ್ಪು ತಿರುಳನ್ನೂ ತರುತ್ತದೆ.

ಉಪ್ಪಿನ ಪರೀಕ್ಷೆಯೂ ಬೇಕು. ಒಂದು ಹಿಡಿ ಬೂದಿಯನ್ನು ಶುದ್ಧ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ತಿಳಿನೀರನ್ನು ಕಪ್ಪು ತಟ್ಟೆಯಲ್ಲಿ ಬಿಸಿಲಿಗಿಡಿ. ದಪ್ಪ ಬಿಳಿ ಪೊರೆ ಉಳಿದರೆ ಆ ಬೂದಿಯ ಇಟ್ಟಿಗೆ ಗೋಡೆಯಲ್ಲಿ ಬಿಳಿ ಉಪ್ಪು ಹೊಮ್ಮಿಸುತ್ತದೆ.

ಕಬ್ಬಿನ ಸಿಪ್ಪೆಯ ಬೂದಿ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಇದೇ ಸುಲಭ. ಹೊಟ್ಟಿನ ಬೂದಿಯಂತೆಯೇ ಪರೀಕ್ಷಿಸಿ. ಅರೆಬೆಂದ ನಾರು ಜಾಸ್ತಿ ಇರುತ್ತದೆ, ಜರಡಿ ಹಿಡಿಯದೆ ಬಳಸಬೇಡಿ.

ತೆಂಗಿನ ನಾರಿನ ಪುಡಿ. ತಿಪಟೂರು, ಅರಸೀಕೆರೆ ಕಡೆ ರಾಶಿ ಬಿದ್ದಿರುತ್ತದೆ. ಹೊಸಬರು ಇದರಿಂದ ದೂರವಿರಿ. ಇದು ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಒಣಗುವುದು ತಡ, ಕುಗ್ಗುವುದು ಹೆಚ್ಚು. ಉಪ್ಪುನೀರಿನಲ್ಲಿ ಕೊಳೆಹಾಕಿದ ನಾರಿನದಾದರೆ ಉಪ್ಪಿನ ಕಾಟವೂ ಸೇರುತ್ತದೆ.

ಶೇಂಗಾ ಸಿಪ್ಪೆ, ಕಾಫಿ ಹೊಟ್ಟು ಪುಡಿ ಮಾಡಿದರೆ ಹಸಿ ಹೊಟ್ಟಿನ ನಿಯಮವೇ ಸಾಕು. ಹುಲ್ಲು, ದಂಟು ಸುಟ್ಟ ಬೂದಿ ಬೇಡ. ಅದರಲ್ಲಿ ಪೊಟ್ಯಾಶ್ ಹೆಚ್ಚು, ಇಟ್ಟಿಗೆ ಬೇಗ ಕರಗಿ ಒಂದಕ್ಕೊಂದು ಅಂಟುತ್ತದೆ.

## ಹಂತ 3: ಒಣ ತೂಕದಲ್ಲಿ ಲೆಕ್ಕ ಹಾಕಿ

ಬಹುಪಾಲು ಸೋಲು ಶುರುವಾಗುವುದು ಇಲ್ಲಿ. ಈ ಭಾಗವನ್ನು ಎರಡು ಸಲ ಓದಿ.

ಸಡಿಲವಾಗಿ ಸುರಿದ ಹೊಟ್ಟು ಒಂದು ಘನ ಮೀಟರಿಗೆ ಸುಮಾರು 100ರಿಂದ 120 ಕೆಜಿ ತೂಗುತ್ತದೆ. ಸಡಿಲ ಮಣ್ಣು ಅದೇ ಜಾಗದಲ್ಲಿ 1,200 ಕೆಜಿ ಆಸುಪಾಸು. ಹತ್ತು ಪುಟ್ಟಿ ಮಣ್ಣಿಗೆ ಒಂದು ಪುಟ್ಟಿ ಹೊಟ್ಟು ಹಾಕಿ ಶೇ 10 ಎಂದುಕೊಂಡವರು ನಿಜವಾಗಿ ಹಾಕಿದ್ದು ತೂಕದಲ್ಲಿ ಬರೀ ಶೇ 1. ಅದೇ ಪುಟ್ಟಿಯಲ್ಲಿ ಘನ ಮೀಟರಿಗೆ 400 ಕೆಜಿ ತೂಗುವ ಬೂದಿ ಹಾಕಿದರೆ ಶೇ 3ರ ಹತ್ತಿರ ಆಗುತ್ತದೆ. ಯಾರೋ ಹೊಟ್ಟಿಗೆ ಹೇಳಿದ ‘ಏಳಕ್ಕೆ ಮೂರು ಪುಟ್ಟಿ’ ಲೆಕ್ಕವನ್ನು ಬೂದಿಗೆ ಹಾಕಿದರೆ ಶೇ 12 ದಾಟುತ್ತದೆ, ಗೂಡು ಕೆಟ್ಟಂತೆಯೇ.

ತೇವವನ್ನೂ ಕಳೆಯಬೇಕು. ಒಂದು ಕೆಜಿ ಹಸಿ ಮಣ್ಣನ್ನು ಬಾಂಡ್ಲಿಯಲ್ಲಿ ಸಣ್ಣ ಉರಿಯಲ್ಲಿ ತೂಕ ಇಳಿಯದಾಗುವವರೆಗೆ ಹುರಿದು ತೂಗಿ. 850 ಗ್ರಾಂ ಉಳಿದರೆ ನಿಮ್ಮ ಸಂಖ್ಯೆ 0.85. ಹೊಟ್ಟನ್ನೂ ಹಾಗೆಯೇ ನೋಡಿ, ಆದರೆ ಬಿಸಿಲಿನಲ್ಲಿ ಒಣಗಿಸಿ, ಬಾಂಡ್ಲಿಯಲ್ಲಿ ಹೊತ್ತಿಕೊಳ್ಳುತ್ತದೆ. ಅದು 900 ಗ್ರಾಂ ಉಳಿಯಿತೆನ್ನಿ.

ಶೇ 5 ಹೊಟ್ಟಿನ 1,000 ಕೆಜಿ ಒಣ ಮಿಶ್ರಣಕ್ಕೆ 950 ಕೆಜಿ ಒಣ ಮಣ್ಣು, 50 ಕೆಜಿ ಒಣ ಹೊಟ್ಟು ಬೇಕು. ಹಸಿ ಮಣ್ಣು ತೂಗಬೇಕಾದದ್ದು 950 ÷ 0.85 = 1,118 ಕೆಜಿ. ಹೊಟ್ಟು 50 ÷ 0.9 = ಸುಮಾರು 56 ಕೆಜಿ. ಒಂದು ಪುಟ್ಟಿ ಮಣ್ಣು, ಒಂದು ಪುಟ್ಟಿ ಬೆರಕೆ ಎಷ್ಟು ತೂಗುತ್ತದೆ ಎಂದು ಒಮ್ಮೆ ತೂಗಿ ಗೋಡೆಯ ಮೇಲೆ ಬರೆದಿಟ್ಟರೆ, ಆಮೇಲೆ ಕೆಲಸದವರು ಪುಟ್ಟಿಯಲ್ಲೇ ಹಾಕಬಹುದು. ರಾಶಿಗೆ ಮಳೆ ಬಿದ್ದರೆ, ಹೊಸ ಲೋಡ್ ಬಂದರೆ ಮತ್ತೆ ತೂಗಿ.

ಎಷ್ಟರಿಂದ ಶುರು ಮಾಡಬೇಕು? ಪುಡಿ ಹೊಟ್ಟು ಶೇ 2, 3, 5. ಬೂದಿ ಶೇ 3, 6, 10. ಹೊಟ್ಟು ಶೇ 5ನ್ನೂ, ಬೂದಿ ಶೇ 10ನ್ನೂ ದಾಟದಿರಿ. ಅದಕ್ಕಿಂತ ಮೇಲೆ ಗಟ್ಟಿತನ ಬೇಗ ಬೀಳುತ್ತದೆ. ಹೊಟ್ಟು, ಬೂದಿ ಎರಡನ್ನೂ ಒಟ್ಟಿಗೆ ಬೆರೆಸುವುದು ಮೊದಲ ಹಂಗಾಮಿಗೆ ಬೇಡ, ತಪ್ಪಾದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

## ಹಂತ 4: ಮಾದರಿ ಇಟ್ಟಿಗೆ ಸುಟ್ಟು ನೋಡಿ

ಮೂರು ಪ್ರಮಾಣಗಳ ಜೊತೆಗೆ ಬೆರಕೆ ಇಲ್ಲದ್ದೂ ಒಂದು. ಒಂದೊಂದರಲ್ಲೂ 15ರಿಂದ 20 ಇಟ್ಟಿಗೆ ಮಾಡಿ. ಬೆರಕೆ ಇಲ್ಲದ ಇಟ್ಟಿಗೆಯನ್ನು ಬಿಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ. ಹಸಿ ಇರುವಾಗಲೇ ಮೊಳೆಯಿಂದ ಗುರುತು ಕೊರೆಯಿರಿ, ಬಣ್ಣದ ಗುರುತು ಬೆಂಕಿಯಲ್ಲಿ ಉಳಿಯುವುದಿಲ್ಲ.

ಈ ಎಲ್ಲವನ್ನೂ ಮಾಮೂಲಿ ಗೂಡಿನ ನಡು ಎತ್ತರದಲ್ಲಿ, ಒಂದೇ ಸಾಲಿನಲ್ಲಿ ಪಕ್ಕಪಕ್ಕ ಜೋಡಿಸಿ. ಹಳ್ಳಿ ಗೂಡಿನಲ್ಲಿ ಒಲೆಬಾಯಿಯ ಹತ್ತಿರದ ಇಟ್ಟಿಗೆಗೂ ಹೊರಮೈಯ ಇಟ್ಟಿಗೆಗೂ ಇರುವ ವ್ಯತ್ಯಾಸ ಬೆರಕೆಯಿಂದ ಬರುವ ವ್ಯತ್ಯಾಸಕ್ಕಿಂತ ದೊಡ್ಡದು. ಶೇ 3ರದ್ದು ಒಳಗೆ, ಶೇ 10ರದ್ದು ಅಂಚಿಗೆ ಇಟ್ಟು ಹೋಲಿಸಿದರೆ ಫಲಿತಾಂಶಕ್ಕೆ ಅರ್ಥವೇ ಇಲ್ಲ.

ಮಾದರಿಗಳು ಹಂತ 9ರ ಪರೀಕ್ಷೆ ದಾಟಿದ ಮೇಲೆಯೇ ಪೂರ್ತಿ ಗೂಡಿಗೆ ಕೈ ಹಾಕಿ.

## ಹಂತ 5: ಕಲಸುವ ಕ್ರಮ

ಒದ್ದೆ ಮಣ್ಣಿನ ಮೇಲೆ ಹೊಟ್ಟು ಎರಚಿ ತುಳಿಯುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಹೊಟ್ಟು ಗಂಟುಗಂಟಾಗಿ ಒಂದೇ ಕಡೆ ಕೂರುತ್ತದೆ. ಸರಿಯಾದ ಕ್ರಮ ಹೀಗೆ:

1. ಮಣ್ಣನ್ನು ಅಗೆದು ಬಿಸಿಲು ಗಾಳಿಗೆ ಹರಡಿ, ಹೆಂಟೆ ಒಡೆದು, 5 ಮಿ.ಮೀ. ಜರಡಿ ಹಿಡಿಯಿರಿ. ಕಲ್ಲು, ಬೇರು ತೆಗೆಯಿರಿ.
2. ಒಣ ಮಣ್ಣನ್ನು ನಾಲ್ಕು ಬೆರಳು ದಪ್ಪ ಹರಡಿ, ಅದರ ಮೇಲೆ ತೂಗಿದ ಬೆರಕೆ, ಮತ್ತೆ ಮಣ್ಣು, ಹೀಗೆ ಪದರ ಹಾಕಿ. ಬೂದಿಯಾದರೆ ಧೂಳು ಏಳದಷ್ಟು ನೀರು ಮೊದಲೇ ಚಿಮುಕಿಸಿ.
3. ಸಲಿಕೆಯಿಂದ ರಾಶಿಯನ್ನು ಕನಿಷ್ಠ ಮೂರು ಸಲ ಜಾಗ ಬದಲಿಸಿ ಮಗುಚಿ. ಬಣ್ಣ ಒಂದೇ ಸಮ ಆಗಬೇಕು.
4. ಆಮೇಲೆ ನೀರು. ಬೂದಿ ಬೆರೆತ ಮಣ್ಣು ಹೆಚ್ಚು ನೀರು ಕೇಳುತ್ತದೆ, ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಹಾಕಿ. ಸವಳು ನೀರು ಬೇಡ.
5. ಟಾರ್ಪಾಲು ಹೊದಿಸಿ ಒಂದು ರಾತ್ರಿ, ಎರೆ ಮಣ್ಣಾದರೆ ಎರಡು ರಾತ್ರಿ ನೆನೆಯಲು ಬಿಡಿ. ಹಸಿ ಹೊಟ್ಟಿನದನ್ನು ಅದಕ್ಕಿಂತ ಹೆಚ್ಚು ಇಡಬೇಡಿ, ಹುಳಿ ವಾಸನೆ ಬಂದರೆ ಕೊಳೆಯಲು ಶುರುವಾಗಿದೆ.
6. ಮತ್ತೆ ತುಳಿದು ಅಥವಾ ಯಂತ್ರದಲ್ಲಿ ಹದ ಮಾಡಿ.

ಹದ ಬಂದಿದೆಯೇ ಎಂದು ನೋಡಲು ಮುದ್ದೆಯನ್ನು ತಂತಿಯಿಂದ ಕೊಯ್ಯಿರಿ. ಕೊಯ್ದ ಮೈಯಲ್ಲಿ ಬೂದಿಯ ಮಚ್ಚೆ, ಹೊಟ್ಟಿನ ಗೆರೆ ಕಂಡರೆ ಇನ್ನೂ ತುಳಿಯಬೇಕು. ಬೆರಳ ಗಾತ್ರದ ಬತ್ತಿ ಹೊಸೆದು ಬಾಗಿಸಿದಾಗ ಪಟ್ಟನೆ ಮುರಿದರೆ ಒಂದೋ ನೀರು ಸಾಲದು, ಇಲ್ಲವೇ ಬೆರಕೆ ಹೆಚ್ಚಾಗಿದೆ. ನೀರು ಸೇರಿಸಿದ ಮೇಲೂ ಮುರಿದರೆ ಬೆರಕೆಯೇ ಹೆಚ್ಚು. ಆ ರಾಶಿಗೆ ಮಣ್ಣು ತೂಗಿ ಸೇರಿಸಿ.

## ಹಂತ 6: ಅಚ್ಚು

ಬೂದಿ ಹಾಕಿದರೆ ಮಣ್ಣು ಕಡಿಮೆ ಕುಗ್ಗುತ್ತದೆ, ಆದ್ದರಿಂದ ಹಳೆಯ ಅಚ್ಚಿನಲ್ಲಿ ಇಟ್ಟಿಗೆ ದೊಡ್ಡದಾಗಿ ಬರುತ್ತದೆ. ಒಣಗಿ ಸುಟ್ಟ ಮೇಲೆ ಒಟ್ಟು ಶೇ 8 ಕುಗ್ಗುವ ಮಣ್ಣಿನಲ್ಲಿ 230 ಮಿ.ಮೀ. ಇಟ್ಟಿಗೆಗೆ ಅಚ್ಚಿನ ಉದ್ದ 250 ಇರಬೇಕು. ಶೇ 5 ಮಾತ್ರ ಕುಗ್ಗಿದರೆ 242 ಸಾಕು. ಹಳೆ ಮತ್ತು ಹೊಸ ಇಟ್ಟಿಗೆ ಒಂದೇ ಗೋಡೆಗೆ ಹೋದಾಗ ಗಾರೆ ಮೇಸ್ತ್ರಿಗಳು ಬೈಯುವುದು ಈ ವ್ಯತ್ಯಾಸಕ್ಕೇ. ಮಾದರಿ ಇಟ್ಟಿಗೆಯ ಅಳತೆ ನೋಡಿ ಅಚ್ಚು ಮಾಡಿಸಿ.

ಬೆರಕೆ ಮಣ್ಣಿನ ಮುದ್ದೆಯನ್ನು ಅಚ್ಚಿಗೆ ಎತ್ತಿ ಬಡಿಯಬೇಕು, ಮೆಲ್ಲಗೆ ತುಂಬಿ ಬೆರಳಿನಿಂದ ಒತ್ತಿದರೆ ಮೂಲೆ ತುಂಬುವುದಿಲ್ಲ. ಅಚ್ಚಿಗೆ ಮಣ್ಣು ಹಿಡಿಯದಂತೆ ನಯ ಮರಳು ಉದುರಿಸಿ.

## ಹಂತ 7: ಒಣಗಿಸುವುದು

ಮೊದಲ ಎರಡು ದಿನ ನೇರ ಬಿಸಿಲು, ಬಿಸಿಗಾಳಿ ತಾಗಬಾರದು. ಮಾರ್ಚ್, ಏಪ್ರಿಲ್‌ನಲ್ಲಿ ಹುಲ್ಲು ಹೊದಿಸಿ. ಎತ್ತಲು ಬರುವಷ್ಟು ಗಟ್ಟಿಯಾದ ಮೇಲೆ ಅಂಚಿನ ಮೇಲೆ ನಿಲ್ಲಿಸಿ, ಆಮೇಲೆ ಗಾಳಿಯಾಡುವಂತೆ ಸಾಲು ಕಟ್ಟಿ. ಹವೆ ನೋಡಿ ಒಂದರಿಂದ ಎರಡು ವಾರ ಬೇಕು.

ಬಿರುಕಿನ ಆಕಾರವೇ ಕಾರಣ ಹೇಳುತ್ತದೆ. ಮೈತುಂಬ ಬಲೆಯಂಥ ಸಣ್ಣ ಬಿರುಕಿದ್ದರೆ ಬೇಗ ಒಣಗಿದೆ, ಅಥವಾ ಮಣ್ಣು ಇನ್ನೂ ಜಿಗುಟಾಗಿದೆ. ನಡುವೆ ಅಡ್ಡಕ್ಕೆ ಒಂದೇ ಸೀಳಿದ್ದರೆ ತಳ ನೆಲಕ್ಕೆ ಹಿಡಿದುಕೊಂಡು ಕುಗ್ಗಲು ಬಿಟ್ಟಿಲ್ಲ, ಅಂಗಳಕ್ಕೆ ಮರಳು ಉದುರಿಸಿ. ಬಿರುಕಿಲ್ಲದೆ ಮೂಲೆ ಮಾತ್ರ ಬೆರಳಿಗೆ ಉದುರಿದರೆ ಬೆರಕೆ ಹೆಚ್ಚಾಗಿದೆ. ಅಂಥ ಹಸಿ ಇಟ್ಟಿಗೆಯನ್ನು ನೀರಿಗೆ ಹಾಕಿ, ಕರಗಿಸಿ, ಮಣ್ಣು ಸೇರಿಸಿ ಮತ್ತೆ ಕಲಸಬಹುದು. ಸುಟ್ಟ ಮೇಲೆ ಏನೂ ಮಾಡಲಾಗುವುದಿಲ್ಲ.

ಗೂಡಿಗೆ ಇಡುವ ಮೊದಲು ಒಂದನ್ನು ಮುರಿದು ನೋಡಿ. ಒಳಗೂ ಹೊರಗೂ ಒಂದೇ ಬಣ್ಣ ಇರಬೇಕು. ಎರಡು ದಿನದ ಅಂತರದಲ್ಲಿ ತೂಗಿದಾಗ ತೂಕ ಇಳಿಯದಿದ್ದರೆ ಒಣಗಿದೆ.

## ಹಂತ 8: ಗೂಡು ಸುಡುವುದು

ಬೂದಿ ಇಟ್ಟಿಗೆಯನ್ನು ಮಾಮೂಲಿ ಕ್ರಮದಲ್ಲೇ ಸುಡಬಹುದು, ಕೊನೆಯ ಶಾಖ ಮಾತ್ರ ಕಡಿಮೆ ಬೀಳಬಾರದು. ಹೊಟ್ಟಿನ ಇಟ್ಟಿಗೆಗೆ ಹಳೆಯ ಕ್ರಮ ಒಗ್ಗುವುದಿಲ್ಲ.

ಲೆಕ್ಕ ನೋಡಿ. ಒಂದು ಇಟ್ಟಿಗೆಗೆ 3.3 ಕೆಜಿ ಒಣ ಮಿಶ್ರಣ ಎಂದಿಟ್ಟುಕೊಂಡರೆ ಶೇ 5ರಲ್ಲಿ 165 ಗ್ರಾಂ ಹೊಟ್ಟು ಅದರೊಳಗಿದೆ. 20,000 ಇಟ್ಟಿಗೆಯ ಗೂಡಿನಲ್ಲಿ ಅದು 3.3 ಟನ್. ಅಷ್ಟು ಉರುವಲು ಆಗಲೇ ಗೂಡಿನೊಳಗೆ ಹರಡಿಕೊಂಡಿದೆ. ಹೊರಗಿನ ಸೌದೆಯನ್ನು ಹಳೇ ಪ್ರಮಾಣದಲ್ಲೇ ಹಾಕಿದರೆ ನಡುಭಾಗ ಕರಗಿ ಇಟ್ಟಿಗೆಗಳು ಒಂದಕ್ಕೊಂದು ಅಂಟುತ್ತವೆ. ಕಡಿಮೆ ಮಾಡುವುದಾದರೆ ಸಾಲುಗಳ ನಡುವೆ ತುಂಬುವ ಉರುವಲಿನಲ್ಲಿ ಮಾಡಿ. ಒಲೆಬಾಯಿಯ ಸೌದೆಯನ್ನು ಮುಟ್ಟಬೇಡಿ, ತಳದ ಸಾಲುಗಳು ಹೊತ್ತಿಕೊಳ್ಳಲು ಅದು ಬೇಕು. ಮೊದಲ ಗೂಡಿನಲ್ಲಿ ಹತ್ತನೇ ಒಂದು ಪಾಲು ಮಾತ್ರ ಇಳಿಸಿ, ಫಲ ನೋಡಿ ಮುಂದಿನದರಲ್ಲಿ ಇನ್ನಷ್ಟು ಇಳಿಸಿ.

ಮೊದಲ ಘಟ್ಟ, 200 ಡಿಗ್ರಿವರೆಗೆ. ಸಣ್ಣ ಉರಿ. ಬಿಳಿ ಹಬೆ ಹೊರಡುತ್ತದೆ. ಮೇಲಿನ ಸಂದಿಯೊಳಗೆ ತಣ್ಣಗಿನ ಕಬ್ಬಿಣದ ಸಲಾಕೆ ಕ್ಷಣ ಹಿಡಿದು ತೆಗೆಯಿರಿ. ಅದರ ಮೇಲೆ ನೀರಿನ ಹನಿ ಕೂತಿದ್ದರೆ ಉರಿ ಏರಿಸುವ ಕಾಲ ಬಂದಿಲ್ಲ. ಅವಸರ ಮಾಡಿದರೆ ಒಳಗಿನ ಹಬೆ ಇಟ್ಟಿಗೆ ಸಿಡಿಸುತ್ತದೆ.

ಎರಡನೇ ಘಟ್ಟ, 300ರಿಂದ 700 ಡಿಗ್ರಿ. ಇಟ್ಟಿಗೆಯ ಹಣೆಬರಹ ಇಲ್ಲಿ ತೀರ್ಮಾನವಾಗುತ್ತದೆ. ಒಳಗಿನ ಹೊಟ್ಟು ಹೊತ್ತಿಕೊಂಡು, ಅದರ ಇದ್ದಿಲು ಉರಿದು ಮುಗಿಯಲು ಗಾಳಿ ಒಳಗೆ ಹೋಗಬೇಕು. ಈ ಸಮಯದಲ್ಲಿ ಶಾಖ ಉಳಿಸುವ ಆಸೆಯಿಂದ ಗಾಳಿಕಂಡಿ ಮುಚ್ಚುವುದು, ಹೊರಗೋಡೆಗೆ ಮಣ್ಣು ಮೆತ್ತುವುದು ದೊಡ್ಡ ತಪ್ಪು. ಗಾಳಿ ಸಿಗದೆ ಇದ್ದಿಲು ಒಳಗೇ ಉಳಿದರೆ ಕಪ್ಪು ತಿರುಳಾಗುತ್ತದೆ. ಅದು ಉರಿಯುವ ಮುಂಚೆಯೇ ಶಾಖ ಏರಿ ಹೊರಮೈ ಬೆಸೆದುಕೊಂಡರೆ ಒಳಗಿನ ಅನಿಲಕ್ಕೆ ದಾರಿ ಇಲ್ಲದೆ ಇಟ್ಟಿಗೆ ಉಬ್ಬುತ್ತದೆ. 573 ಡಿಗ್ರಿ ಸುತ್ತ ಮರಳಿನ ಸ್ಫಟಿಕ ಒಮ್ಮೆಲೇ ಹಿಗ್ಗುವುದರಿಂದಲೂ ಇಲ್ಲಿ ನಿಧಾನವೇ ಒಳ್ಳೆಯದು. ದಟ್ಟ ಕರಿಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ. ಸೌದೆ ಹಾಕುವುದು ನಿಲ್ಲಿಸಿ, ಕಂಡಿ ಬಿಚ್ಚಿ. ಹೊಗೆ ತಿಳಿಯಾದ ಮೇಲೆ ಮುಂದುವರಿಯಿರಿ.

ಮೂರನೇ ಘಟ್ಟ, 900ರಿಂದ 1,000 ಡಿಗ್ರಿ. ಈಗ ಕಂಡಿ ಕಿರಿದು ಮಾಡಿ ಶಾಖ ಹಿಡಿದಿಡಿ. ಅನುಭವಿ ಗೂಡು ಮೇಸ್ತ್ರಿಗಳು ಗೂಡು ಎಷ್ಟು ಕುಸಿಯಿತು ಎಂಬುದರ ಮೇಲೆ ಬೆಂದದ್ದನ್ನು ಗುರುತಿಸುತ್ತಾರೆ. ಬೆರಕೆ ಇಟ್ಟಿಗೆ ಕುಗ್ಗುವ ಪ್ರಮಾಣವೇ ಬೇರೆ, ಹಾಗಾಗಿ ಆ ಹಳೆಯ ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಮೊದಲ ಗೂಡಿಗಾದರೂ ಶಾಖ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ಮತ್ತು ಮೀಟರ್ ತಂದು ನಡುವೆ ಒಂದು, ಅಂಚಿನಲ್ಲಿ ಒಂದು ಇಡಿ. ಗಂಟೆಗೊಮ್ಮೆ ಬರೆದುಕೊಳ್ಳಿ.

ತಣಿಸುವುದು. ಹೊರಮೈ ಮುಚ್ಚಿ ತಾನಾಗಿ ಆರಲು ಬಿಡಿ. ಗಿರಾಕಿ ಕಾಯುತ್ತಿದ್ದಾರೆಂದು ಬಿಸಿ ಗೂಡು ಬಿಚ್ಚಿದರೆ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ಇಟ್ಟಿಗೆ ಬರಿಗೈಲಿ ಹಿಡಿಯಲು ಬರುವಂತಿರಬೇಕು.

## ಹಂತ 9: ಮಾರುವ ಮೊದಲ ಪರೀಕ್ಷೆ

ಮೊದಲು ಒಡೆದು ನೋಡಿ. ಕಪ್ಪು ತಿರುಳು ಬಟಾಣಿಯಷ್ಟಿದ್ದು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಅರ್ಧ ಮೈ ಕಪ್ಪಾಗಿದ್ದು ಉಗುರಿಗೆ ಉದುರಿದರೆ ಅದು ಗೋಡೆಗೆ ಬೇಡ. ಎರಡು ಇಟ್ಟಿಗೆ ತಾಡಿಸಿದರೆ ಬರುವ ಸದ್ದು ಬೆರಕೆ ಇಟ್ಟಿಗೆಯಲ್ಲಿ ಸ್ವಲ್ಪ ಮಂದವಾಗಿಯೇ ಇರುತ್ತದೆ, ಅದೊಂದನ್ನೇ ನಂಬಬೇಡಿ.

ನೀರಿನ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಪೂರ್ತಿ ಒಣಗಿದ ಇಟ್ಟಿಗೆ ತೂಗಿ, 24 ಗಂಟೆ ಮುಳುಗಿಸಿ, ಒರೆಸಿ ಮತ್ತೆ ತೂಗಿ. 2,700 ಗ್ರಾಂ ಇದ್ದದ್ದು 3,190 ಆದರೆ ಕುಡಿದದ್ದು 490 ಗ್ರಾಂ, ಅಂದರೆ ಶೇ 18. ಇಟ್ಟಿಗೆಯನ್ನು ಬಲ ನೋಡಿ ವರ್ಗ ಮಾಡುವ ಐಎಸ್ 1077ರ ಪ್ರಕಾರ 12.5 ವರ್ಗದವರೆಗಿನ ಇಟ್ಟಿಗೆಗೆ ಮಿತಿ ಶೇ 20. ಐದು ಇಟ್ಟಿಗೆಯ ಸರಾಸರಿ ಹಿಡಿಯಿರಿ.

ಒತ್ತಡದ ಪರೀಕ್ಷೆಗೆ ಯಂತ್ರ ಬೇಕು. ಹತ್ತಿರದ ಎಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಐಎಸ್ 3495ರಂತೆ ಮಾಡಿಸಿ. ಕೆಳಗಿನ ವರ್ಗವಾದ 3.5ಕ್ಕೆ ಸರಾಸರಿ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಬರಬೇಕು. ಬೆರಕೆ ಇಲ್ಲದ ನಿಮ್ಮದೇ ಇಟ್ಟಿಗೆಗಿಂತ ಎಷ್ಟು ಇಳಿದಿದೆ ಎಂಬುದನ್ನೂ ನೋಡಿ. ಮೂರರಲ್ಲಿ ಒಂದು ಪಾಲು ಇಳಿದಿದ್ದರೆ, ಮಿತಿಯೊಳಗಿದ್ದರೂ ಪ್ರಮಾಣ ತಗ್ಗಿಸುವುದು ನನ್ನ ಸಲಹೆ, ಏಕೆಂದರೆ ಇಡೀ ಗೂಡು ಮಾದರಿಯಷ್ಟು ಸಮವಾಗಿ ಬೇಯುವುದಿಲ್ಲ.

ಉಪ್ಪಿಗೆ, ತಟ್ಟೆಯಲ್ಲಿ 25 ಮಿ.ಮೀ. ಬಟ್ಟಿ ಇಳಿಸಿದ ನೀರು ಹಾಕಿ ಇಟ್ಟಿಗೆಯನ್ನು ಉದ್ದಕ್ಕೆ ನಿಲ್ಲಿಸಿ. ನೀರು ಪೂರ್ತಿ ಹೀರಿ ಆರಿದ ಮೇಲೆ ಇನ್ನೊಮ್ಮೆ ಅಷ್ಟೇ ನೀರು ಹಾಕಿ ಆರಿಸಿ. ಮೈಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಬಿಳಿ ಪೊರೆ ಕಟ್ಟಿದರೆ ಆ ಬೂದಿಯನ್ನು ಬಿಡಿ.

## ಹಂತ 10: ಕೊಳ್ಳುವವರಿಗೆ ಏನು ಹೇಳಬೇಕು

ಬೆರಕೆ ಇಟ್ಟಿಗೆ ಎಂದು ಹೇಳಿಯೇ ಮಾರಿ. ಕಂಬ, ತೊಲೆ ಇರುವ ಮನೆಯ ಒಳಗೋಡೆ, ಅಡ್ಡಗೋಡೆಗೆ ಇದು ಒಪ್ಪುತ್ತದೆ, ಭಾರ ಕಡಿಮೆ. ಪಾಯ, ನೀರಿನ ತೊಟ್ಟಿ, ಬಚ್ಚಲು, ಗಿಲಾವು ಇಲ್ಲದ ಹೊರಗೋಡೆಗೆ ಕೊಡಬೇಡಿ. ಕಂಬವಿಲ್ಲದೆ ಗೋಡೆಯ ಮೇಲೇ ತಾರಸಿ ಹೊರಿಸುವ ಮನೆಗೆ ಎಂಜಿನಿಯರ್ ಪರೀಕ್ಷಾ ವರದಿ ನೋಡಿ ಒಪ್ಪಿದರೆ ಮಾತ್ರ ಕೊಡಿ.

ಗಾರೆ ಮೇಸ್ತ್ರಿಗೂ ಒಂದು ಮಾತು ಹೇಳಿ ಕಳಿಸಿ. ಈ ಇಟ್ಟಿಗೆ ಹೆಚ್ಚು ನೀರು ಕುಡಿಯುವುದರಿಂದ ಮೇಲೆ ನೀರು ಚಿಮುಕಿಸಿದರೆ ಸಾಲದು. ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆದು, ಮೈಮೇಲಿನ ನೀರು ಆರಿದ ನಂತರ ಕಟ್ಟಬೇಕು. ಒಣ ಇಟ್ಟಿಗೆ ಇಟ್ಟರೆ ಅದು ಗಾರೆಯ ನೀರನ್ನೆಲ್ಲ ಹೀರುತ್ತದೆ, ಸಿಮೆಂಟ್ ಗಟ್ಟಿಯಾಗುವ ಮೊದಲೇ ಪುಡಿಯಾಗುತ್ತದೆ.